ಹೂಂ ಅಂದರೆ ಹೊರಡುವ ಗಾಡಿ

ನಮ್ಮೂರ ಕಾಲುವೆ ಹಾದಿಯಲ್ಲಿ ಹಾರನ್ ಒತ್ತಿದರೆ ಸದ್ದು ಬರುವುದಿಲ್ಲ. ಹೊಸಬರು ಒತ್ತುತ್ತಾರೆ, ಇಳಿದು ವೈರು ಎಳೆದು ನೋಡುತ್ತಾರೆ, ಮೆಕ್ಯಾನಿಕ್ಕಿಗೆ ಬೈಯುತ್ತಾರೆ, ಆಮೇಲೆ ಹಾದಿಯ ಬಾಯಲ್ಲಿ ನೆಟ್ಟಿರುವ ಬೋರ್ಡನ್ನು ಓದುತ್ತಾರೆ. ‘ಇದು ನಡೆಯುವವರ ಹಾದಿ. ಗಾಡಿಯವರು ಬಾಯಿ ಬಿಟ್ಟು ಕರೆಯತಕ್ಕದ್ದು. ಹೂಂ ಅಂದ ಮೇಲೆ ದಾಟತಕ್ಕದ್ದು.’ ಅಷ್ಟೇ ಬರೆದಿರುವುದು. ಮೊದಲೇ ಓದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ನಾನು ಎಷ್ಟೋ ಜನರನ್ನು ಕೇಳಿದ್ದೇನೆ. ಗಾಡಿಯ ಮೇಲೆ ಕೂತವರಿಗೆ ಬೋರ್ಡು ಓದುವ ಪುರುಸೊತ್ತು ಎಲ್ಲಿರುತ್ತದೆ ಹೇಳಿ.

ಹಾದಿಯ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕಳ್ಳಿ ಬೇಲಿ. ಎರಡು ಎಮ್ಮೆ ಎದುರಾದರೆ ಒಂದು ನೀರಿಗಿಳಿಯಬೇಕು, ಅಷ್ಟು ಅಗಲ. ಅದರಲ್ಲೇ ಜನ ನಡೆಯಬೇಕು, ಸೈಕಲ್ಲು, ಮೊಪೆಡ್ಡು, ನನ್ನ ಲಗೇಜ್ ಆಟೊ ಎಲ್ಲವೂ ಹೋಗಬೇಕು. ಮುಂದೆ ನಡೆಯುವವರಿದ್ದರೆ ಗಾಡಿ ಅವರ ಹೆಜ್ಜೆಗೇ ಹೆಜ್ಜೆ ಹಾಕುತ್ತದೆ. ಎಷ್ಟು ರೇಸ್ ಕೊಟ್ಟರೂ ದಾಟುವುದಿಲ್ಲ, ಅವರು ನಿಂತರೆ ಅದೂ ನಿಲ್ಲುತ್ತದೆ. ದಾಟಬೇಕೆಂದರೆ ಅವರನ್ನು ಒಂದು ಸಂಬಂಧ ಹಿಡಿದು ಕರೆಯಬೇಕು. ಅಕ್ಕಾ, ಕಾಕಾ, ಅಜ್ಜೀ, ತಮ್ಮಾ. ಅವರು ‘ಹೂಂ, ಬಾ’ ಅಂದರೆ ಸಾಕು, ಅಷ್ಟೇ ಅಗಲದ ಹಾದಿಯಲ್ಲಿ ಹೇಗೆ ಹಿಡಿಸುತ್ತದೋ ಏನೋ, ಬೇಲಿಯ ಮುಳ್ಳೂ ತಾಗದೆ ಗಾಡಿ ಪಕ್ಕದಲ್ಲೇ ದಾಟಿ ಹೋಗುತ್ತದೆ. ಸಾರ್, ಮೇಡಂ, ಹಲೋ, ಯಜಮಾನ್ರೇ, ಇವೆಲ್ಲ ನಡೆಯುವುದಿಲ್ಲ. ಇನ್ನು ‘ರೀ’ ಎಂಬುದನ್ನಂತೂ ಮದುವೆಯಾಗದ ಹೆಣ್ಣುಮಕ್ಕಳು ಆ ಹಾದಿಯಲ್ಲಿ ನಾಲಿಗೆಯ ಮೇಲೆ ತರುವುದಿಲ್ಲ, ಹಾದಿ ಒಪ್ಪಿಬಿಟ್ಟರೆ ಏನು ಗತಿ ಎಂದು.

ಏಕೆಂದರೆ ಹೂಂ ಅಂದ ಮೇಲೆ ಆ ಸಂಬಂಧ ನಿಂತುಬಿಡುತ್ತದೆ. ಮುಂದಿನ ಸಲ ಕರೆಯುವುದೂ ಬೇಡ, ಅವರ ಹಿಂದೆ ಬಂದರೆ ಗಾಡಿ ತಾನಾಗಿ ದಾಟುತ್ತದೆ, ನಮ್ಮವ್ವನ ಪಕ್ಕ ದಾಟುವ ಹಾಗೆ. ಆದರೆ ಸಂಬಂಧ ಅಂದ ಮೇಲೆ ನಡೆಸಬೇಕಲ್ಲ. ಅಜ್ಜಿ ಎಂದು ಕರೆದವಳಿಗೆ ಜ್ವರ ಬಂದರೆ ಗಂಜಿ ಒಯ್ಯಬೇಕು. ಅಣ್ಣ ಎಂದು ಕರೆದವನಿಗೆ ನಾಗರ ಪಂಚಮಿಯ ದಿನ ಬೆನ್ನಿಗೆ ಹಾಲು ಸವರಬೇಕು. ಒಮ್ಮೆ ಜೀಪಿನಲ್ಲಿ ಬಂದ ಸಾಹೇಬರೊಬ್ಬರು ಸೊಪ್ಪು ಮಾರುವ ಕಾಳಮ್ಮನನ್ನು ‘ಏಯ್ ಮುದುಕಿ’ ಎಂದು ಕರೆದು, ಅವಳ ಬುಟ್ಟಿಯ ಹಿಂದೆಯೇ ಅರ್ಧ ಹಾದಿ ತೆವಳಿ, ಕೊನೆಗೆ ಬೆವರು ಒರೆಸಿಕೊಂಡು ‘ಅವ್ವಾ’ ಅಂದರು. ಕಾಳಮ್ಮ ಹೂಂ ಅಂದಳು. ಈಗ ಅವರಿಗೆ ಬೇರೆ ಊರಿಗೆ ವರ್ಗವಾಗಿದ್ದರೂ ದೀಪಾವಳಿಯ ಸೀರೆ ತಪ್ಪುವುದಿಲ್ಲ, ಕಾಳಮ್ಮನೂ ‘ನನ್ನ ಜೀಪಿನ ಮಗ’ ಎಂದೇ ಹೇಳಿಕೊಂಡು ತಿರುಗುತ್ತಾಳೆ. ಹೆಣ್ಣುಮಕ್ಕಳನ್ನು ಹೆತ್ತ ಗಂಡಸರು ಮಾತ್ರ ಬಲು ಹುಷಾರು. ಬೈಕಿನ ಹುಡುಗರು ಹಿಂದಿನಿಂದ ‘ಮಾವಾ’ ಅಂದರೆ ನಿಂತು, ತಿರುಗಿ, ಹುಡುಗನ ಮನೆ ಯಾವುದು, ಕೆಲಸ ಏನು ಎಂದು ವಿಚಾರಿಸಿ, ಆಮೇಲೆ ಹೂಂ ಅನ್ನುವುದೋ ಬೇಡವೋ ಎಂದು ಯೋಚಿಸುತ್ತಾರೆ.

ನಾನು ದಾಕ್ಷಾಯಿಣಿ. ಮಂಡಕ್ಕಿ ಭಟ್ಟಿ ದಾಕ್ಷಿ ಅಂದರೆ ಮಕ್ಕಳೂ ತೋರಿಸುತ್ತಾರೆ. ಭಟ್ಟಿಯಲ್ಲಿ ಅವ್ವ ಮಂಡಕ್ಕಿ ಹುರಿಸುತ್ತಾಳೆ, ನಾನು ಅದನ್ನು ಪೇಟೆಗೆ ಹೊಡೆಯುತ್ತೇನೆ. ಮಂಡಕ್ಕಿ ಚೀಲ ನೋಡಿದ್ದೀರಲ್ಲ, ನೋಡಲು ಆನೆ, ಎತ್ತಿದರೆ ಹತ್ತಿ. ನನ್ನ ಆಟೊ ಹೊರಟರೆ ಹಿಂದೆ ಒಂದು ಮನೆಯೇ ಎದ್ದು ಬಂದ ಹಾಗಿರುತ್ತದೆ. ದಿನಾ ಅದೇ ಹಾದಿಯಲ್ಲಿ ಹೋಗಿ ಬಂದು ನನಗೆ ಊರ ತುಂಬ ನಂಟರು. ಅಣ್ಣಂದಿರಂತೂ ಎಣಿಸಲಾರದಷ್ಟು. ಅಪ್ಪ ಹೋದ ಮೇಲೆ ಗಂಡು ದಿಕ್ಕಿಲ್ಲದ ಮನೆ ಎಂದು ಮರುಗಿದವರೆಲ್ಲ ಪಂಚಮಿಯ ದಿನ ನಮ್ಮ ಅಂಗಳ ನೋಡಿ ಬಾಯಿ ಮುಚ್ಚಿಕೊಂಡರು. ಬೆನ್ನು ಬಿಟ್ಟುಕೊಂಡು ಸಾಲಾಗಿ ಕೂತವರಲ್ಲಿ ಕ್ಷೌರಿಕ, ಪೋಸ್ಟ್‌ಮನ್, ಹೈಸ್ಕೂಲಿನ ಮೇಷ್ಟ್ರು, ಎಲ್ಲ ಇರುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಅಣ್ಣಾ ಅಣ್ಣಾ ಎಂದು ನನ್ನ ನಾಲಿಗೆಗೆ ಅದೇ ಚಾಳಿ ಬಿದ್ದುಹೋಗಿತ್ತು. ಆ ಚಾಳಿಯೇ ನನ್ನ ಬುಡಕ್ಕೆ ಬಂತು.

ನಾನು ಏನೂ ಕರೆಯದೆ ಉಳಿಸಿಕೊಂಡಿದ್ದ ಮನುಷ್ಯ ಒಬ್ಬನೇ. ಅವರೇ ಶಿವಯೋಗಿ, ಬೋರ್ಡು ಬರೆಯುವವರು. ಹಾದಿಯ ಬಾಯಲ್ಲಿರುವ ಬೋರ್ಡೂ ಅವರ ಕೈಯದೇ. ಹೆಗಲ ಮೇಲೆ ಏಣಿ, ಕೈಯಲ್ಲಿ ಬಣ್ಣದ ಡಬ್ಬಿ, ನಡಿಗೆಯೋ ಅಕ್ಷರ ಬರೆದ ಹಾಗೆ, ಒಂದೊಂದೇ ತಿದ್ದಿ ತಿದ್ದಿ. ಬೇರೆಯವರು ಅವರ ಹಿಂದೆ ಸಿಕ್ಕಿಕೊಂಡರೆ ಹಣೆ ಚಚ್ಚಿಕೊಂಡು, ಏನೋ ಒಂದು ಸಂಬಂಧ ಹಿಡಿದು ಕರೆದು ದಾಟುತ್ತಿದ್ದರು. ನಾನು ಮಾತ್ರ ಏಣಿ ಕಂಡರೆ ಸಾಕು, ಗಾಡಿಯನ್ನು ಅದರ ಹಿಂದೆ ಹಾಕಿ ಆರಾಮಾಗಿ ಕೂರುತ್ತಿದ್ದೆ. ಅವರು ಮುಂದೆ ನಡೆಯುತ್ತ, ನಾನು ಹಿಂದೆ ಗಾಡಿಯಲ್ಲಿ ತೆವಳುತ್ತ, ಮಾತಾಡುತ್ತ ಹೋಗುತ್ತಿದ್ದೆವು. ಸಿಹಿತಿಂಡಿ ಅಂಗಡಿಯವನು ಜಿಲೇಬಿಯನ್ನು ‘ಜೀಲೇಬಿ’ ಎಂದೇ ಬರೆಯಬೇಕೆಂದು ಹಟ ಹಿಡಿದದ್ದು, ಎಳೆದು ಹೇಳಿದರೆ ಸಿಹಿ ಜಾಸ್ತಿಯಂತೆ. ಕ್ಷೌರದಂಗಡಿಗೆ ಸಿನಿಮಾ ನಟನ ಮುಖ ಬರೆಯಲು ಹೋಗಿ ಅದು ಅಂಗಡಿಯವನ ಮಾವನ ಹಾಗೆ ಬಂದದ್ದು. ನಾನು ನಕ್ಕರೆ ಅವರು ತಿರುಗುತ್ತಿದ್ದರು, ತಿರುಗಿದರೆ ಏಣಿಯೂ ತಿರುಗುತ್ತಿತ್ತು, ಏಣಿ ಬೇಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಇನ್ನಷ್ಟು ಹೊತ್ತು ಹಿಡಿಯುತ್ತಿತ್ತು. ಹಿಡಿಯಲಿ ಬಿಡಿ, ನನಗೇನು ಅವಸರ.

ಪೇಟೆಯವರಿಗೆ ಗೊತ್ತಾಗದೆ ಇರುತ್ತದೆಯೇ. ಮಂಡಕ್ಕಿ ತಡವಾಗಿ ಬಂದರೆ ‘ಇವತ್ತು ಏಣಿ ಸಿಕ್ತೇನವ್ವ’ ಎಂದು ಕೇಳುತ್ತಿದ್ದರು. ಅವ್ವನ ಕಿವಿಗೂ ಬಿತ್ತು. ಅವಳು ಬೈಯಲಿಲ್ಲ. ನಿಧಾನದ ಮನುಷ್ಯ, ಬಾಯಿ ಒರಟಲ್ಲ, ನಿನ್ನಂಥ ಬಾಯಿಬಡುಕಿಗೆ ಅಂಥವನೇ ಸರಿ ಅಂದಳು. ಪಂಚಮಿ ಕಳೆಯಲಿ, ನಾನೇ ಹೋಗಿ ಮಾತಾಡ್ತೀನಿ ಎಂದೂ ಅಂದಳು. ಆವತ್ತು ನಾನು ಭಟ್ಟಿಯ ಹಿಂದೆ ಹೋಗಿ ಒಬ್ಬಳೇ ಕುಣಿದಿದ್ದೇನೆ. ನಾಚಿಕೆಯೇನಿಲ್ಲ, ಕುಣಿಯುವಂಥದ್ದೇ ಆಗಿತ್ತು.

ಅದಾದ ವಾರದಲ್ಲೇ ಕೆಟ್ಟಿತು. ಪೇಟೆಯಲ್ಲಿ ಯಾರದೋ ಮದುವೆಯ ಮನೆಗೆ ಮಂಡಕ್ಕಿ ಕೊಡಬೇಕಿತ್ತು. ಅರ್ಧ ಹಾದಿಗೆ ಬರುವಾಗ ಮಳೆ ಹಿಡಿಯಿತು. ಮಂಡಕ್ಕಿಗೆ ನೀರು ತಾಗಿದರೆ ಮುಗಿಯಿತು, ಎಮ್ಮೆಯೂ ಮೂಸುವುದಿಲ್ಲ. ತಾಡಪಾಲು ಗಾಳಿಗೆ ಪಟಪಟ ಹಾರುತ್ತಿತ್ತು. ಮುಂದೆ ಯಾರೋ ಗೋಣಿಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು ನಡೆಯುತ್ತಿದ್ದರು. ಏಣಿ ಇಲ್ಲ, ಡಬ್ಬಿ ಇಲ್ಲ. ನಾನು ಎಂದಿನ ಹಾಗೆ ಗಂಟಲು ಹರಿಯುವಂತೆ ‘ಅಣ್ಣಾ’ ಎಂದು ಕೂಗಿದೆ. ಆ ಮನುಷ್ಯ ನಿಂತು ತಿರುಗಿದ. ಕೊಪ್ಪೆಯೊಳಗಿನಿಂದ ಶಿವಯೋಗಿಯ ಮುಖ ನನ್ನನ್ನು ನೋಡಿತು.

ನಾಲಿಗೆ ಕಚ್ಚಿಕೊಂಡೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಶಿವನೇ, ಹೂಂ ಅನ್ನದೆ ಇರಲಿ, ಹೂಂ ಅನ್ನದೆ ಇರಲಿ ಎಂದು ಬೇಡಿಕೊಂಡೆ. ಮಳೆಯ ಸದ್ದಿನಲ್ಲಿ ಏನೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಏಕೆಂದರೆ ಗಾಡಿ ಹೊರಟುಬಿಟ್ಟಿತು. ಎದುರಿಗಿದ್ದವರು ಒಪ್ಪದೆ ಆ ಹಾದಿಯಲ್ಲಿ ಗಾಡಿ ದಾಟಿದ್ದುಂಟೇ. ಅಂದರೆ ಅವರು ಹೂಂ ಅಂದರು. ಅಷ್ಟು ಸಲೀಸಾಗಿ, ಒಂದು ಮಾತೂ ಕೇಳದೆ, ನನ್ನ ಅಣ್ಣನಾಗಲು ಒಪ್ಪಿದರು. ನನಗೆ ನಾಚಿಕೆ, ಸಿಟ್ಟು, ಅಳು ಎಲ್ಲ ಒಟ್ಟಿಗೆ ನುಗ್ಗಿ ಬಂತು. ಹಿಂತಿರುಗಿ ನೋಡದೆ ಪೇಟೆಯವರೆಗೆ ಹೊಡೆದುಕೊಂಡು ಹೋದೆ. ಮದುವೆಯ ಮನೆಯವರು ಮಂಡಕ್ಕಿ ಗರಿಗರಿಯಾಗಿದೆ ಎಂದು ಹೊಗಳಿದರು. ನಾನು ದುಡ್ಡೂ ಎಣಿಸಿಕೊಳ್ಳದೆ ಹೊರಟೆ.

ನಮ್ಮ ಹಿಂದೆ ಸ್ವಲ್ಪ ದೂರದಲ್ಲಿ ಕಾಳಮ್ಮ ಸೊಪ್ಪಿನ ಬುಟ್ಟಿಯನ್ನು ತಲೆ ಮೇಲೆ ಕವುಚಿಕೊಂಡು ಬರುತ್ತಿದ್ದಳಂತೆ. ಅವಳ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು, ದಾಕ್ಷಿ ಏಣಿಯವನನ್ನು ಅಣ್ಣ ಮಾಡಿಕೊಂಡಳು ಎಂದು. ಅವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. ಬಾಯಿ ತಪ್ಪಿ ಬಂತು, ಮಾತು ವಾಪಸು ತಗೊಂಡರೆ ಆಗದೇ ಎಂದು ನಾನು ಅತ್ತೆ. ಅವ್ವ ನನ್ನ ತಲೆ ಸವರಿ, ಊರಿನವರ ಕೈಕಾಲು ಹಿಡೀಬಹುದು ಮಗಳೇ, ಆ ಹಾದಿಯ ಕೈಕಾಲು ಎಲ್ಲಿ ಅಂತ ಹುಡುಕೋಣ ಎಂದಳು.

ಶಿವಯೋಗಿ ಆಮೇಲೆ ಹಾದಿಯಲ್ಲಿ ಕಾಣಲೇ ಇಲ್ಲ. ಕಾಲು ಉಳುಕಿದೆಯಂತೆ, ಏಣಿಯಿಂದ ಬಿದ್ದರಂತೆ ಎಂದು ಯಾರೋ ಹೇಳಿದರು. ಸ್ವಲ್ಪ ವಾಸಿಯಾದ ಮೇಲೆ ಊರಿನ ಆಚೆ ತುದಿಯಲ್ಲೇ ಕೆಲಸ ಹಿಡಿದುಕೊಂಡರಂತೆ. ಒಂದು ಸಲ ಅಕ್ಕಿ ಗಿರಣಿಯ ಗೋಡೆಯ ಮೇಲೆ ಅವರು ಬರೆಯುತ್ತಿರುವುದನ್ನು ದೂರದಿಂದ ಕಂಡೆ. ಅವರೂ ನನ್ನನ್ನು ಕಂಡರು. ಕಂಡವರೇ ಗೋಡೆಯ ಕಡೆ ತಿರುಗಿಕೊಂಡರು. ಅಬ್ಬಾ, ಎಂಥ ಕೊಬ್ಬು ಎಂದುಕೊಂಡೆ. ಅಣ್ಣನಾಗುವಾಗ ಇಲ್ಲದ ಬಿಗುಮಾನ ಈಗ ಯಾಕೆ. ಹಾದಿ ಖಾಲಿ ಇರುತ್ತಿತ್ತು, ಮಂಡಕ್ಕಿ ಹೊತ್ತಿಗೆ ಸರಿಯಾಗಿ ಪೇಟೆ ಸೇರುತ್ತಿತ್ತು, ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ.

ಪಂಚಮಿ ಹತ್ತಿರ ಬಂತು. ಆವತ್ತು ಬೆನ್ನಿಗೆ ಹಾಲು ಬಿದ್ದರೆ ಅಣ್ಣ ಅಣ್ಣನೇ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಹೊಸ ಅಣ್ಣನಾದವನನ್ನು ಮನೆಗೆ ಹೋಗಿ ಕರೆಯುವುದು ನಮ್ಮಲ್ಲಿ ಪದ್ಧತಿ. ನಾನು ಹೋಗುವುದಿಲ್ಲ ಎಂದು ಮುಖ ಊದಿಸಿ ಕೂತೆ. ಕರೆಯದೆ ಬಿಟ್ಟರೆ ಅವನ ಮರ್ಯಾದೆ ಹೋಗುತ್ತದೆ ಎಂದು ಅವ್ವನೇ ಶೇಂಗಾ ಉಂಡಿ ಕಟ್ಟಿಕೊಂಡು ಹೋಗಿ ಕರೆದು ಬಂದಳು. ಏನಂದರು ಎಂದು ಕೇಳಿದೆ. ಏನೂ ಅನ್ನಲಿಲ್ಲ, ಉಂಡಿ ಡಬ್ಬಿ ಹಿಡ್ಕೊಂಡು ತಲೆ ಬಗ್ಗಿಸಿಕೊಂಡಿದ್ದ ಅಂದಳು.

ಹಬ್ಬದ ದಿನ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಮಕ್ಕಳು ಕಿರುಚಾಡುತ್ತಿದ್ದವು. ಅಣ್ಣಂದಿರು ಬಂದು ಅಂಗಿ ಬಿಚ್ಚಿ ಸಾಲಾಗಿ ಕೂತರು. ಮೇಷ್ಟ್ರು ಚಳಿ ಎಂದು ಗೊಣಗಿದರು, ಕ್ಷೌರಿಕಣ್ಣ ಅವರ ಬೆನ್ನಿನ ಕೂದಲನ್ನು ನೋಡಿ ಕತ್ತರಿ ತರಲೇ ಎಂದು ಕೇಳಿದ. ಕಾಳಮ್ಮ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಅಧಿಕಾರ ಚಲಾಯಿಸುತ್ತಿದ್ದಳು. ಎಲ್ಲರೂ ಬಂದಾದ ಮೇಲೆ ಶಿವಯೋಗಿ ಬಂದರು. ಒಂದು ಕಾಲು ಎಳೆದು ಹಾಕುತ್ತಿದ್ದರು. ಸಾಲಿನ ಕೊನೆಯಲ್ಲಿ ನಿಂತರು. ಕೂರಲೂ ಇಲ್ಲ, ಅಂಗಿ ಬಿಚ್ಚಲೂ ಇಲ್ಲ.

ನಾನು ಬಟ್ಟಲಿನ ಹಾಲಿಗೆ ದಾಸವಾಳ ಅದ್ದಿ ಒಬ್ಬೊಬ್ಬರ ಬೆನ್ನಿಗೂ ಸವರುತ್ತ ಬಂದೆ. ನಿನ್ನ ಬೆನ್ನು ತಂಪಾಗಿರಲಿ ಎಂದು ಹೇಳಬೇಕು, ಹೇಳುತ್ತ ಬಂದೆ. ಪೋಸ್ಟ್‌ಮನ್ ಅಣ್ಣನ ಬೆನ್ನಿಗೆ ಎರಡೆರಡು ಸಲ ಸವರಿದೆ. ಸಾಲು ಮುಗಿದು ಅವರೆದುರು ಬಂದು ನಿಂತೆ. ಅವರು ಬೆನ್ನು ತಿರುಗಿಸಲಿಲ್ಲ. ನನ್ನ ಮುಖವನ್ನೇ ನೋಡಿದರು.

“ದಾಕ್ಷೀ, ನೀನು ಬೇಕಂತಲೇ ಕರೆದ್ಯಾ?” ಅಂದರು.

ನಮ್ಮ ಕಡೆ ಹುಡುಗಿಗೆ ಹುಡುಗ ಬೇಡವಾದರೆ ಜಗಳವಾಡುವುದಿಲ್ಲ, ನಾಲ್ಕು ಜನರೆದುರು ಅಣ್ಣಾ ಎಂದುಬಿಡುತ್ತಾಳೆ. ಅಲ್ಲಿಗೆ ಅವನು ಅರ್ಥ ಮಾಡಿಕೊಂಡು ದೂರ ಸರಿಯಬೇಕು. ಇಷ್ಟು ದಿನ ಈ ಮನುಷ್ಯ ಅದನ್ನೇ ನಂಬಿಕೊಂಡು ಗೋಡೆಯ ಕಡೆ ಮುಖ ಹಾಕಿದ್ದರು. ನನಗೆ ಅದು ಆಗ ಹೊಳೆಯಿತು.

“ಇಲ್ಲ. ಕೊಪ್ಪೆಯೊಳಗೆ ನೀವು ಅಂತ ಗೊತ್ತಾಗ್ಲಿಲ್ಲ. ನಾಲಿಗೆ ಜಾರ್ತು. ನಾನೇನೋ ಕುರುಡಿ, ಕರೆದೆ. ನೀವ್ಯಾಕೆ ಹೂಂ ಅಂದ್ರಿ?” ಎಂದು ಕೇಳಿದೆ.

“ನಾನೆಲ್ಲಿ ಹೂಂ ಅಂದೆ?” ಅಂದರು ಅವರು.

ಜೋಕಾಲಿಯ ಮಕ್ಕಳೂ ಇಳಿದು ಓಡಿ ಬಂದವು. ಕಾಳಮ್ಮ ಕಟ್ಟೆಯಿಂದ ಎದ್ದು ಬಂದಳು. ಅಣ್ಣಾ ಅಂತ ಕೂಗಿದ್ದನ್ನ ನಾನು ಕಿವಿಯಾರೆ ಕೇಳೀನಿ, ಗಾಡಿ ಹೋಗಿದ್ದನ್ನೂ ಕೇಳೀನಿ, ಹೂಂ ಅನ್ನದೆ ಗಾಡಿ ಹೆಂಗೆ ದಾಟ್ತು ಅಂತ ಸೊಂಟಕ್ಕೆ ಕೈ ಇಟ್ಟು ಕೇಳಿದಳು.

ಶಿವಯೋಗಿ ತಲೆ ಕೆರೆದುಕೊಂಡರು. ಅವರ ಮುಖ ಕೆಂಪೇರಿತ್ತು. “ದಾಟೋಕೆ ಹಾದೀಲಿ ನಾನಿದ್ರೆ ತಾನೇ. ಹೂಂ ಅನ್ನೋಕೆ ಬಾಯಿ ಬರ್ಲಿಲ್ಲ. ಅಡ್ಡ ನಿಂತ್ರೆ ಮಂಡಕ್ಕಿ ನೆನೀತಿತ್ತು. ಕಾಲುವೆಗೆ ಹಾರಿಬಿಟ್ಟೆ” ಅಂದರು.

ಕ್ಷೌರಿಕಣ್ಣ ಕಿಸಕ್ಕೆಂದ, ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಕಾಲು ಉಳುಕಿದ್ದು ಏಣಿಯಿಂದ ಬಿದ್ದಲ್ಲ, ನನ್ನ ಅಣ್ಣನಾಗಬಾರದೆಂದು ಹಾರಿ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಈ ಮನುಷ್ಯನನ್ನು ಕೊಬ್ಬಿನವನು ಎಂದುಕೊಂಡಿದ್ದೆನಲ್ಲ ಎಂದು ಅನ್ನಿಸಿ ಪ್ರೀತಿ ಉಕ್ಕಿ ಬಂತು. ಆದರೆ ಕಾಳಮ್ಮ ಅಷ್ಟಕ್ಕೆ ಬಿಡುವವಳಲ್ಲ. ಕಾಲುವೆಗೆ ಹಾರಿದ್ದನ್ನು ಕಂಡವರು ಯಾರು, ಈಗ ಮನಸ್ಸು ಬದಲಾಗಿ ಹಿಂಗಂತಿದಾನೋ ಏನೋ, ನಾಳೆ ಎಲ್ಲರೂ ಇದೇ ಆಟ ಹೂಡಿದರೆ, ನನ್ನ ಜೀಪಿನ ಮಗನೂ ನಾನು ನಿನ್ನ ಮಗನಲ್ಲ ಅಂದುಬಿಟ್ಟರೆ ನಾನೇನು ಮಾಡಲಿ ಎಂದಳು. ಅವಳ ಚಿಂತೆ ಅವಳಿಗೆ. ಮೇಷ್ಟ್ರು ಬೆನ್ನಿನ ಹಾಲು ಒರೆಸಿಕೊಳ್ಳದೆಯೇ ಎದ್ದು ನಿಂತು, ಜಗಳ ಯಾಕೆ, ಹಾದಿಯನ್ನೇ ಕೇಳೋಣ ಅಂದರು. ಅಣ್ಣನಾಗಿದ್ದರೆ ಕರೆಯದೆಯೇ ಗಾಡಿ ದಾಟುತ್ತದೆ. ಆಗಿಲ್ಲದಿದ್ದರೆ ದಾಟುವುದಿಲ್ಲ. ಶಿವಯೋಗಿ ಮುಂದೆ ನಡೆಯಲಿ, ದಾಕ್ಷಿ ಹಿಂದೆ ಆಟೊ ತರಲಿ.

ಹಬ್ಬದ ಊಟ ಅಲ್ಲಿಗೇ ನಿಂತಿತು. ಬರಿಮೈಯ ಅಣ್ಣಂದಿರು, ಮಕ್ಕಳು, ಉಂಡಿ ಕಡಿಯುತ್ತಿದ್ದ ಹೆಂಗಸರು, ಎಲ್ಲರೂ ಹಾದಿಗೆ ಹೊರಟರು. ಅವ್ವ ನನ್ನ ಕೈಯಿಂದ ಹಾಲಿನ ಬಟ್ಟಲು ತೆಗೆದುಕೊಂಡು, ಅದನ್ನು ಹಿಡಿದೇ ಬಂದಳು. ಜನ ಹಾದಿಯ ಬಾಯಲ್ಲೇ ನಿಂತರು, ಬೋರ್ಡಿನ ಎರಡೂ ಬದಿ. ಶಿವಯೋಗಿ ಹಾದಿಗಿಳಿದು ನಡೆಯತೊಡಗಿದರು. ಏಣಿ ಇರಲಿಲ್ಲ, ಆದರೂ ಅಭ್ಯಾಸಬಲದಿಂದ ಒಂದು ಹೆಗಲು ಬಾಗಿತ್ತು. ಅವ್ವ ಹತ್ತಿರ ಬಂದು, ಸುಮ್ಮನೆ ಹೊಡಿ, ಬಾಯಿ ಮುಚ್ಕೊಂಡು ಹೊಡಿ, ಇವತ್ತಾದರೂ ಅಂದಳು.

ಆಟೊ ಓಡಿಸಲು ಕಲಿತಂದಿನಿಂದ ಗಾಡಿ ನಿಲ್ಲದಿರಲಿ ಎಂದು ದೇವರಿಗೆ ಕೈ ಮುಗಿದವಳು ನಾನು. ಗಾಡಿ ಹೋಗದಿರಲಿ ಎಂದು ಮುಗಿದದ್ದು ಆವತ್ತೇ. ಹತ್ತಿರ ಬಂದೆ. ಇನ್ನೂ ಹತ್ತಿರ ಬಂದೆ. ಅವರ ಅಂಗಿಯ ಮೇಲಿನ ಹಳೆಯ ಬಣ್ಣದ ಕಲೆ ಕಾಣುವಷ್ಟು ಹತ್ತಿರ. ರೇಸ್ ಕೊಟ್ಟೆ. ಇಂಜಿನ್ನು ಕೂಗಿಕೊಂಡಿತು, ಹೊಗೆ ಬಂತು. ಗಾಡಿ ದಾಟಲಿಲ್ಲ. ಅವರ ಕುಂಟು ನಡಿಗೆಯ ಹಿಂದೆಯೇ ಕುಂಟುತ್ತ ಬಂತು. ಇನ್ನಷ್ಟು ರೇಸ್ ಕೊಟ್ಟೆ. ಇಲ್ಲ. ಒಂದಿಂಚೂ ಮುಂದೆ ಹೋಗಲಿಲ್ಲ.

ಹಿಂದೆ ಅಣ್ಣಂದಿರೆಲ್ಲ ಕೇಕೆ ಹಾಕಿದರು. ಪೋಸ್ಟ್‌ಮನ್ ಅಣ್ಣ ಸಿಳ್ಳೆ ಹೊಡೆದ, ಅವನಿಗೆ ಸಿಳ್ಳೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕಾಳಮ್ಮನೂ, ಹಾದಿ ಹೇಳಿದ ಮೇಲೆ ಮುಗೀತು, ನನಗೇನು ಇವಳ ಮೇಲೆ ದ್ವೇಷವಾ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಇನ್ನು ಗಾಡಿ ನಿಲ್ಲಿಸಿ ಬಾರವ್ವ, ಊಟ ಆರುತ್ತಿದೆ ಎಂದು ಯಾರೋ ಕೂಗಿದರು.

ನಾನು ನಿಲ್ಲಿಸಲಿಲ್ಲ. ಶಿವಯೋಗಿಯೂ ನಿಲ್ಲಲಿಲ್ಲ. ಒಂದೊಂದೇ ಹೆಜ್ಜೆ ತಿದ್ದುತ್ತ ನಡೆದೇ ಇದ್ದರು, ನಾನು ಏನನ್ನುತ್ತೇನೋ ಎಂದು ಕಾಯುತ್ತಿರುವುದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಇಷ್ಟು ದಿನ ಅವರನ್ನು ಏನೂ ಕರೆದಿರಲಿಲ್ಲ ನಾನು, ಕರೆಯಬಾರದ್ದನ್ನು ಕರೆದದ್ದು ಬಿಟ್ಟರೆ. ಊರೆಲ್ಲ ಹಿಂದೆ ನಿಂತಿತ್ತು, ಅವ್ವ ನಿಂತಿದ್ದಳು. ಕೇಳಲಿ, ಎಲ್ಲರೂ ಕೇಳಲಿ ಅನ್ನಿಸಿತು.

“ರೀ” ಅಂದೆ.

ಅವರು ನಿಂತರು, ಗಾಡಿಯೂ ನಿಂತಿತು. ತಿರುಗಲಿಲ್ಲ. ಕಾಲುವೆಯ ಕಡೆ ಒಮ್ಮೆ ನೋಡಿದರು. ಮತ್ತೆ ಹಾರುತ್ತಾರೇನೋ ಈ ಮಹಾನುಭಾವ ಎಂದುಕೊಂಡೆ. ಅವರ ಕಿವಿ ಕೆಂಪಾಗಿ, ಹೆಗಲು ನಗುವಿಗೆ ಅಲುಗುತ್ತಿರುವುದು ಕಂಡಿತು.

“ಹೂಂ, ಬಾ” ಅಂದರು.

ಗಾಡಿ ಹಗುರವಾಗಿ ಮುಂದೆ ಸರಿಯಿತು, ಮುಳ್ಳೂ ತಾಗಲಿಲ್ಲ, ಅವರ ಅಂಗಿಯ ತೋಳು ನನ್ನ ಕೈಗೆ ತಾಗಿತು. ಹಿಂದೆ ಅವ್ವ, ತಳ್ಳಬೇಡಿ, ಹಾಲು ಚೆಲ್ಲೀತು, ಪಾಯಸಕ್ಕಾಗುತ್ತೆ ಎಂದು ಕೂಗಿ ಹೇಳುತ್ತಿದ್ದಳು. ಈ ಸಲ ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ದಾಟಿ ಹೋಗಿ ಹಿಂತಿರುಗಿ ನೋಡಿದೆ. ಅವರು ಹಾದಿಯ ಮೇಲೇ ಇದ್ದರು.